ಶಾಖಪಂಪಿನ ಹಿಮನಿವಾರಣೆ: ಅದರ ಕ್ರಮ ಮತ್ತು ಪೂರ್ವವೃತ್ತಾಂತ

ಇತಿಹಾಸದ ಅಧ್ಯಾಪಕರಾದ ನಾವು ಮನೆಯನ್ನು ಬೆಚ್ಚಗಿಡುವ ಯಂತ್ರವೊಂದರ ವಿಚಾರವನ್ನು ಏಕೆ ಕೈಗೆತ್ತಿಕೊಂಡೆವೆಂದು ವಾಚಕರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ ಸರಿ. ಇದಕ್ಕೆ ನಿಮಿತ್ತವಾದುದು ಒಂದು ಪತ್ರ. ನಮ್ಮಲ್ಲಿ ಓದಿ, ಈಗ ಇಂಗ್ಲೆಂಡಿನ ಉತ್ತರಭಾಗದಲ್ಲಿ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬನ ಮನೆಗೆ ಅವನ ತಂದೆತಾಯಿಗಳು ಕಳೆದ ಚಳಿಗಾಲದಲ್ಲಿ ಹೋಗಿದ್ದರು. ಶಿವಮೊಗ್ಗೆಯ ಕೋಟೆಯಲ್ಲಿ ಹುಟ್ಟಿ ಬೆಳೆದ ಆ ಹಿರಿಯರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಬೆಂಕಿಯ ಸಹವಾಸ ಬಲ್ಲವರು. ಒಂದು ರಾತ್ರಿ ಅವರು ಕಿಟಕಿಯಿಂದ ನೋಡಿದಾಗ, ಅಂಗಳದಲ್ಲಿಟ್ಟಿದ್ದ ಯಂತ್ರದ ಬೀಸಣಿಗೆ ನಿಂತುಹೋಗಿತ್ತು. ಒಳಗಿನಿಂದ ಬುಸುಗುಟ್ಟುವ ಸದ್ದು ಕೇಳಿಬಂದು, ಬೀದಿಯ ದೀಪದ ಬೆಳಕಿನಲ್ಲಿ ಬಿಳಿಯ ಹೊಗೆ ದಟ್ಟವಾಗಿ ಏಳುತ್ತಿತ್ತು. ಬೆಂಕಿ ಬಿದ್ದಿತೆಂದು ಬಗೆದು ಅವರು ಒಡನೆಯೇ ವಿದ್ಯುತ್ತಿನ ಸ್ವಿಚ್ಚನ್ನು ಆರಿಸಿಬಿಟ್ಟರು. ಬೆಳಗಾಗುವ ವೇಳೆಗೆ ಮನೆ ಕೊರೆಯುತ್ತಿತ್ತು, ಮೊಮ್ಮಗುವಿನ ಕೈಕಾಲು ತಣ್ಣಗಾಗಿದ್ದುವು, ಯಂತ್ರದ ತಳಭಾಗ ಗಡ್ಡೆಕಟ್ಟಿ ಬೀಸಣಿಗೆಯೇ ತಿರುಗದಾಗಿತ್ತು. ಸಂಜೆ ಬಂದ ಕೆಲಸಗಾರನು ಅದನ್ನು ಕರಗಿಸಿ, ಯಂತ್ರದಲ್ಲಿ ದೋಷವೇನೂ ಇರಲಿಲ್ಲವೆಂದು ಹೇಳಿ, ತನ್ನ ಕೂಲಿಯನ್ನು ಮಾತ್ರ ಪೂರ್ತಿಯಾಗಿ ತೆಗೆದುಕೊಂಡು ಹೋದನಂತೆ.

"ಮೇಷ್ಟ್ರೇ, ಅಪ್ಪ ನನ್ನ ಮಾತು ನಂಬುವುದಿಲ್ಲ. ಶಾಖ ಕೊಡುವುದಕ್ಕೆಂದೇ ಇಟ್ಟ ಯಂತ್ರ ನಡುರಾತ್ರಿಯಲ್ಲಿ ಮನೆಯ ಶಾಖವನ್ನೇ ಕದ್ದು ತನ್ನ ಮೈ ಕಾಯಿಸಿಕೊಳ್ಳುವುದುಂಟೆ ಎಂದು ಕೇಳುತ್ತಾರೆ. ತಾವು ಒಂದು ಸಮಾಧಾನ ಬರೆದು ಕಳುಹಿಸಬೇಕು" ಎಂದು ಪತ್ರದಲ್ಲಿತ್ತು. ಭೌತಶಾಸ್ತ್ರದ ಸಹೋದ್ಯೋಗಿಗಳನ್ನು ಕಂಡು, ಸಿಕ್ಕಿದ ಗ್ರಂಥಗಳನ್ನು ನೋಡಿ ಉತ್ತರ ಬರೆದೆವು. ಬರೆಯುತ್ತ ಹೋದಂತೆ, ಹಿರಿಯರ ಪ್ರಶ್ನೆಯಲ್ಲಿ ಯಂತ್ರಶಾಸ್ತ್ರ ಎಷ್ಟಿದೆಯೋ ಇತಿಹಾಸವೂ ಅಷ್ಟೇ ಇದೆಯೆಂಬುದು ನಮಗೆ ಹೊಳೆಯಿತು. ಆ ಉತ್ತರವನ್ನೇ ವಿಸ್ತರಿಸಿ ಇಲ್ಲಿ ಕೊಟ್ಟಿದ್ದೇವೆ.

ಹೀಟ್ ಪಂಪ್ ಎಂದು ಹೆಸರಾದ ಈ ಯಂತ್ರವನ್ನು ನಾವು ಶಾಖಪಂಪು ಎಂದು ಕರೆಯೋಣ. ಹೆಸರೇ ಅದರ ಕೆಲಸವನ್ನು ಹೇಳುತ್ತದೆ. ನೀರು ತಾನಾಗಿ ಬಾವಿಯ ತಳದಿಂದ ಮೇಲಕ್ಕೆ ಏರುವುದಿಲ್ಲ. ಪಂಪು ಅದನ್ನು ಎತ್ತುತ್ತದೆ. ಹಾಗೆಯೇ ಶಾಖವೂ ತಾನಾಗಿ ತಣ್ಣನೆಯ ಕಡೆಯಿಂದ ಬಿಸಿಯ ಕಡೆಗೆ ಹರಿಯುವುದಿಲ್ಲ. ಕೆಲಸ ವ್ಯಯಮಾಡಿ ಅದನ್ನು ಎತ್ತಬೇಕು. ೨ ಡಿಗ್ರಿ ಸೆಂಟಿಗ್ರೇಡಿನ ಗಾಳಿಯಲ್ಲಿ ಎತ್ತಲು ಶಾಖವೆಲ್ಲಿದೆ ಎಂದು ಶಂಕಿಸಬೇಕಾಗಿಲ್ಲ. ಚಳಿಯೆಂಬುದು ಶಾಖದ ಅಲ್ಪತೆಯೇ ಹೊರತು ಅದರ ಅಭಾವವಲ್ಲ. ಆ ಗಾಳಿಗಿಂತಲೂ ತಣ್ಣಗಿರುವ ವಸ್ತುವೊಂದನ್ನು ಅದರ ಮುಂದಿಟ್ಟರೆ, ಗಾಳಿಯ ಶಾಖ ಆ ವಸ್ತುವಿನೊಳಕ್ಕೆ ಹರಿದೇ ಹರಿಯುತ್ತದೆ.

ಶಾಖಪಂಪಿನಲ್ಲಿ ಅಂತಹ ವಸ್ತು ಶೀತಕವೆಂಬ ದ್ರವ. ಅತ್ಯಲ್ಪ ಉಷ್ಣತೆಯಲ್ಲಿಯೇ ಕುದಿದು ಆವಿಯಾಗುವುದು ಅದರ ಗುಣ. ಮನೆಯ ಹೊರಗಿನ ಕೊಳವೆಯ ಸುರುಳಿಯಲ್ಲಿ ಅದು ಗಾಳಿಯ ಶಾಖವನ್ನು ಹೀರಿ ಆವಿಯಾಗುತ್ತದೆ. ಆ ಆವಿಯನ್ನು ಕಂಪ್ರೆಸರು ಒತ್ತಿ ಅಡಕಮಾಡಿದಾಗ ಅದರ ಉಷ್ಣತೆ ಬಹಳವಾಗಿ ಏರುತ್ತದೆ. ಬಿಸಿಯಾದ ಆವಿ ಮನೆಯೊಳಗಿನ ಸುರುಳಿಗೆ ಬಂದು, ಅಲ್ಲಿಯ ಗಾಳಿಗೋ ರೇಡಿಯೇಟರುಗಳ ನೀರಿಗೋ ಶಾಖವನ್ನು ಒಪ್ಪಿಸಿ ಮರಳಿ ದ್ರವವಾಗುತ್ತದೆ. ಕಿರಿದಾದ ದ್ವಾರವೊಂದರ ಮೂಲಕ ನುಸುಳಿ, ಒತ್ತಡ ಕಳೆದುಕೊಂಡು ತಣ್ಣಗಾಗಿ, ಮತ್ತೆ ಹೊರಗಿನ ಸುರುಳಿಯನ್ನು ಸೇರುತ್ತದೆ. ನಮ್ಮ ಅಡಿಗೆಮನೆಯ ರೆಫ್ರಿಜರೇಟರು ಮಾಡುವುದೂ ಇದನ್ನೇ. ಅದರ ಹಿಂಬದಿಗೋ ಪಕ್ಕಕ್ಕೋ ಕೈಯಿಟ್ಟು ನೋಡಿದರೆ ಒಳಗಿನಿಂದ ಎತ್ತಿ ತಂದ ಶಾಖ ಕೈಗೆ ತಾಕುತ್ತದೆ. ವಿದ್ಯುತ್ತಿನ ಸಾಮಾನ್ಯ ಒಲೆಯಲ್ಲಿ ಒಂದು ಯೂನಿಟ್ಟು ವಿದ್ಯುತ್ತಿಗೆ ಒಂದು ಯೂನಿಟ್ಟು ಶಾಖ ದೊರೆತರೆ, ಒಳ್ಳೆಯ ಶಾಖಪಂಪಿನಲ್ಲಿ ಸುಮಾರು ಮೂರು ಯೂನಿಟ್ಟು ದೊರೆಯುವುದುಂಟು. ಎರಡು ಪಾಲು ಹೊರಗಿನ ಗಾಳಿಯ ಕೊಡುಗೆ.

ಈ ಕಲ್ಪನೆ ಹೊಸದಲ್ಲ. ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಸಿದ್ಧರಾದ ವಿಲಿಯಂ ಥಾಮ್ಸನ್ನರು ೧೮೫೨ರಲ್ಲಿಯೇ ಇದನ್ನು ಮುಂದಿಟ್ಟಿದ್ದರು. ಅದೇ ದಶಕದಲ್ಲಿ ಆಸ್ಟ್ರಿಯದ ಪೀಟರ್ ರಿಟ್ಟಿಂಗರ್ ಎಂಬವರು ಎಬೆನ್‌ಸೇಯ ಉಪ್ಪಿನ ಕಾರ್ಖಾನೆಯಲ್ಲಿ ಉಪ್ಪುನೀರನ್ನು ಇಂಗಿಸುವುದಕ್ಕೆ ಇದೇ ತತ್ತ್ವವನ್ನು ಪ್ರಯೋಗಿಸಿ ನೋಡಿದರು. ಕಟ್ಟಡಗಳನ್ನು ಬೆಚ್ಚಗಿಡುವ ಕಾರ್ಯದಲ್ಲಿ ಹೆಸರಾದವು ಜ್ಯೂರಿಕ್ ನಗರದ ಪುರಭವನದಲ್ಲಿ ೧೯೩೮ರಲ್ಲಿ ಸ್ಥಾಪಿತವಾದ ಯಂತ್ರ, ಮತ್ತು ಜಾನ್ ಸಮ್ನರರು ಇಂಗ್ಲೆಂಡಿನ ನಾರಿಚ್ ಪಟ್ಟಣದಲ್ಲಿ ೧೯೪೫ರಲ್ಲಿ ನಡೆಸಿದ ಯಂತ್ರ. ಇವೆರಡರಲ್ಲಿಯೂ ಗಮನಿಸಬೇಕಾದ ಒಂದು ಅಂಶವಿದೆ. ಜ್ಯೂರಿಕ್ಕಿನ ಯಂತ್ರ ಶಾಖವನ್ನು ಎತ್ತಿದ್ದು ಲಿಮ್ಮಾಟ್ ನದಿಯಿಂದ. ನಾರಿಚ್ಚಿನದು ವೆನ್ಸಮ್ ನದಿಯಿಂದ. ಹರಿಯುವ ನದಿಯ ನೀರು ಚಳಿಗಾಲದಲ್ಲಿಯೂ ಗಾಳಿಯಷ್ಟು ತಣ್ಣಗಾಗುವುದಿಲ್ಲ. ಅದರಲ್ಲಿ ಮುಳುಗಿದ ಸುರುಳಿಗೆ ಗಾಳಿಯ ತೇವ ತಾಕುವ ಮಾತೂ ಇಲ್ಲ. ತುಂಗೆಯ ದಡದ ಕೋಟೆಗೂ ಭದ್ರೆಯ ದಡದ ಭದ್ರಾವತಿಗೂ ಇಂತಹ ಯಂತ್ರ ಎಂದಾದರೂ ಬೇಕಾಗಿದ್ದಿದ್ದರೆ, ಮನೆಬಾಗಿಲಿನ ಹೊಳೆಯೇ ಸಾಕಾಗುತ್ತಿತ್ತು. ಆದರೆ ಎಲ್ಲರ ಮನೆಯ ಮುಂದೆಯೂ ಹೊಳೆ ಹರಿಯುವುದಿಲ್ಲ. ೧೯೫೦ರ ದಶಕದಿಂದ ಅಮೆರಿಕದಲ್ಲಿ ಸಾಮಾನ್ಯ ಗೃಹಸ್ಥರ ಮನೆಗಳಿಗೆಂದು ಗಾಳಿಯಿಂದಲೇ ಶಾಖ ಎತ್ತುವ ಪಂಪುಗಳು ಮಾರಾಟಕ್ಕೆ ಬಂದುವು. ಹೊಳೆಯನ್ನು ಬಿಟ್ಟು ಗಾಳಿಯನ್ನು ಹಿಡಿದೊಡನೆ ಹಿಮದ ಸಮಸ್ಯೆ ಬೆನ್ನುಹತ್ತಿತು.

ಹಿಮ ಕಟ್ಟುವುದು ಹೇಗೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಬೇಸಗೆಯಲ್ಲಿ ಹಿತ್ತಾಳೆಯ ಚೆಂಬಿನಲ್ಲಿ ತಣ್ಣೀರು ತುಂಬಿಟ್ಟರೆ ಹೊರಮೈ ಬೆವರುತ್ತದೆ. ಅದು ಚೆಂಬು ಸೋರಿದುದಲ್ಲ. ಗಾಳಿಯಲ್ಲಿದ್ದ ನೀರಾವಿ ತಣ್ಣನೆಯ ಲೋಹಕ್ಕೆ ತಾಕಿ ನೀರಾದುದು. ಲೋಹವು ಸೊನ್ನೆ ಡಿಗ್ರಿಗಿಂತಲೂ ತಣ್ಣಗಿದ್ದರೆ ಆ ಬೆವರು ನೀರಾಗಿ ನಿಲ್ಲದೆ ಬಿಳಿಯ ಹಿಮದ ಪೊರೆಯಾಗಿ ಕೂಡುತ್ತದೆ. ಶಾಖಪಂಪಿನ ಹೊರಸುರುಳಿ ಗಾಳಿಗಿಂತ ಕೆಲವು ಡಿಗ್ರಿಗಳಷ್ಟಾದರೂ ತಣ್ಣಗಿದ್ದೇ ತೀರಬೇಕು; ಇಲ್ಲವಾದರೆ ಶಾಖ ಹರಿಯುವುದೆಂತು? ಆದುದರಿಂದ ಗಾಳಿ ೪ ಅಥವಾ ೫ ಡಿಗ್ರಿಯಲ್ಲಿರುವಾಗಲೇ ಸುರುಳಿ ಸೊನ್ನೆಗಿಂತ ಕೆಳಗಿಳಿದಿರುತ್ತದೆ. ಶಿವಮೊಗ್ಗೆಯಲ್ಲಿ ಪುಷ್ಯಮಾಘಗಳ ಬೆಳಗಿನಲ್ಲಿಯೂ ಉಷ್ಣತೆ ೧೦ ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪ. ನಮ್ಮ ರಾಜ್ಯದ ನಗರಗಳಲ್ಲಿ ಕೆಲವು ವಸತಿಗೃಹಗಳ ಮಾಳಿಗೆಯ ಮೇಲೆ ಸ್ನಾನದ ನೀರು ಕಾಯಿಸಲು ಇಟ್ಟಿರುವ ಶಾಖಪಂಪುಗಳಿಂದ ತೊಟತೊಟನೆ ನೀರು ತೊಟ್ಟಿಕ್ಕುವುದನ್ನು ಕಾಣಬಹುದು. ಅವು ಬೆವರುತ್ತವೆ, ಹಿಮಗಟ್ಟುವುದು ಮಾತ್ರ ವಿರಳ.

ಇಲ್ಲಿ ವಾಚಕರನ್ನು ಚಕಿತಗೊಳಿಸುವ ಒಂದು ಸಂಗತಿಯಿದೆ. ಚಳಿ ಹೆಚ್ಚಾದಷ್ಟೂ ಹಿಮದ ಕಾಟವೂ ಹೆಚ್ಚೆಂದು ಭಾವಿಸುವುದು ಸಹಜ. ವಾಸ್ತವದಲ್ಲಿ ಹಾಗಿಲ್ಲ. ಒಂದು ಘನ ಮೀಟರು ಗಾಳಿ ೫ ಡಿಗ್ರಿಯಲ್ಲಿ ಸುಮಾರು ೬.೮ ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲುದು. ಸೊನ್ನೆಗಿಂತ ೧೫ ಡಿಗ್ರಿ ಕೆಳಗೆ ಹೋದರೆ ಹಿಡಿಯಬಲ್ಲುದು ಒಂದೂವರೆ ಗ್ರಾಮಿನಷ್ಟು ಮಾತ್ರ. ಕೊರೆಯುವ ಚಳಿಯ ಗಾಳಿ ಒಣಗಾಳಿ. ಅದರಲ್ಲಿ ಹಿಮವಾಗಲು ಸರಕೇ ಕಡಮೆ. ಸೊನ್ನೆಯ ಆಚೀಚೆ ತೂಗಾಡುವ, ಮಂಜು ಕವಿದ, ತೇವದ ಹವೆಯೇ ಯಂತ್ರಕ್ಕೆ ಅತಿ ಕಠಿನವಾದುದು. ಇಂಗ್ಲೆಂಡಿನ ಚಳಿಗಾಲ ಬಹುಮಟ್ಟಿಗೆ ಇಂತಹದು. ಕೆನಡದ ನಡುನಾಡಿನಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಮೈನಸ್ ೨೦ ಡಿಗ್ರಿಯಲ್ಲಿ ಕಾಣುವ ಹಿಮಕ್ಕಿಂತ ಹೆಚ್ಚಿನ ಹಿಮವನ್ನು ನಮ್ಮ ವಿದ್ಯಾರ್ಥಿ ೨ ಡಿಗ್ರಿಯಲ್ಲಿ ತನ್ನ ಯಂತ್ರದ ಮೇಲೆ ಕಂಡರೆ ಆಶ್ಚರ್ಯವಿಲ್ಲ.

ಕಟ್ಟಿದ ಹಿಮ ಎರಡು ಬಗೆಯಲ್ಲಿ ಕೇಡು ಮಾಡುತ್ತದೆ. ಸುರುಳಿಯ ಸುತ್ತ ಹೊದಿಸಿರುವ ಅಲ್ಯೂಮಿನಿಯಂ ತಗಡುಗಳ ನಡುವಣ ಸಂದು ಬಹು ಕಿರಿದು. ಹಿಮ ತುಂಬಿದರೆ ಗಾಳಿ ಹಾಯಲು ದಾರಿಯಿಲ್ಲ. ಅಲ್ಲದೆ ನಡುನಡುವೆ ಗಾಳಿಯನ್ನು ಹಿಡಿದಿಟ್ಟ ಹಿಮದ ಪದರ ಕಂಬಳಿಯಂತೆ ಶಾಖವನ್ನು ತಡೆಯುತ್ತದೆ. ಶಾಖ ಸಾಲದೆ ಸುರುಳಿ ಮತ್ತಷ್ಟು ತಣ್ಣಗಾಗುತ್ತದೆ. ತಣ್ಣಗಾದುದರಿಂದ ಮತ್ತಷ್ಟು ಹಿಮ ಕೂಡುತ್ತದೆ. ಸಾಲಕ್ಕೆ ಬಡ್ಡಿ, ಬಡ್ಡಿಗೆ ಮತ್ತೆ ಸಾಲವೆಂಬಂತಹ ಈ ಸ್ಥಿತಿಯನ್ನು ತಡೆಯದಿದ್ದರೆ ಕೊನೆಗೆ ಕಂಪ್ರೆಸರು ವಿದ್ಯುತ್ತನ್ನು ತಿನ್ನುತ್ತ, ಮನೆಗೆ ಏನನ್ನೂ ಕೊಡದೆ ಒದ್ದಾಡುತ್ತದೆ. ಎಂದಾದರೊಂದು ಕ್ಷಣ ಹಿಮವನ್ನು ಕರಗಿಸಲೇಬೇಕು. ಆ ಕ್ಷಣ ಯಾವುದು? ಅದನ್ನು ನಿರ್ಣಯಿಸುವವರು ಯಾರು? ನಮ್ಮ ದೃಷ್ಟಿಯಲ್ಲಿ ಈ ಯಂತ್ರದ ಇತಿಹಾಸವೆಲ್ಲ ಈ ಎರಡು ಪ್ರಶ್ನೆಗಳಲ್ಲಿ ಅಡಗಿದೆ.

ಆ ಇತಿಹಾಸದ ಘಟ್ಟಗಳು ನಮ್ಮ ಊರಿನ ಅಡಿಗೆಮನೆಗಳಲ್ಲಿಯೇ ಉಳಿದುಬಂದಿವೆ. ಹಳೆಯ ರೆಫ್ರಿಜರೇಟರುಗಳಲ್ಲಿ ಗಡ್ಡೆ ಬೆಳೆದು ಹಾಲಿನ ಪಾತ್ರೆಗೂ ಎಡೆಯಿಲ್ಲವಾದಾಗ ಮನೆಯಾಕೆ ಪೆಟ್ಟಿಗೆಯನ್ನು ಆರಿಸಿ, ಬಾಗಿಲು ತೆರೆದಿಟ್ಟು, ಒಳಗೆ ಬಿಸಿನೀರಿನ ಪಾತ್ರೆಯಿಟ್ಟು ಕಾಯುತ್ತಿದ್ದಳು. ತಾಳ್ಮೆಗೆಟ್ಟು ಚಾಕುವಿನಿಂದ ಗಡ್ಡೆ ಎಬ್ಬಿಸಹೋಗಿ ಕೊಳವೆಯನ್ನೇ ತೂತುಮಾಡಿದವರೂ ಉಂಟು. ಅಲ್ಲಿ ಆರಂಭವೂ ಮುಕ್ತಾಯವೂ ಮನುಷ್ಯನ ಕೈಯಲ್ಲಿದ್ದುವು. ಅನಂತರ ಬಂದ ಒಂಟಿಬಾಗಿಲಿನ ಪೆಟ್ಟಿಗೆಗಳಲ್ಲಿ ಚಳಿ ಹೊಂದಿಸುವ ತಿರುಗಣಿಯ ನಡುವೆ ಒಂದು ಗುಂಡಿಯಿರುತ್ತದೆ. ಅದನ್ನು ಒತ್ತಿದರೆ ಕಂಪ್ರೆಸರು ನಿಲ್ಲುತ್ತದೆ. ಹಿಮ ಕರಗಿ ಒಳಗಿನ ಉಷ್ಣತೆ ಗೊತ್ತಾದ ಮಟ್ಟಕ್ಕೆ ಏರಿದೊಡನೆ ಗುಂಡಿ ತಾನಾಗಿ ಹಿಂದಕ್ಕೆ ಚಿಮ್ಮಿ, ಯಂತ್ರ ಮತ್ತೆ ನಡೆಯತೊಡಗುತ್ತದೆ. ಇಲ್ಲಿ ಆರಂಭ ಮನುಷ್ಯನದು, ಮುಕ್ತಾಯ ಯಂತ್ರದ್ದು. ಇನ್ನೂ ಈಚಿನ ಎರಡು ಬಾಗಿಲಿನ ಪೆಟ್ಟಿಗೆಗಳಲ್ಲಿ ಸುರುಳಿಯು ಹಿಂಬದಿಯ ತಗಡಿನ ಮರೆಯಲ್ಲಿದ್ದು, ಒಂದು ಗಡಿಯಾರ ಕೆಲವು ಗಂಟೆಗಳಿಗೊಮ್ಮೆ ಸಣ್ಣ ವಿದ್ಯುತ್ ಕಾವಲಿಯನ್ನು ಹೊತ್ತಿಸಿ ಹಿಮವನ್ನು ಕರಗಿಸುತ್ತದೆ. ಕರಗಿದ ನೀರು ಕೆಳಗಿನ ತಟ್ಟೆಗಿಳಿದು, ಕಂಪ್ರೆಸರಿನ ಬಿಸಿಗೆ ಆರಿಹೋಗುತ್ತದೆ. ಗೃಹಿಣಿಗೆ ಇದರ ಸುದ್ದಿಯೇ ಇಲ್ಲ.

ಗಡಿಯಾರಕ್ಕೆ ನಿಷ್ಠೆಯುಂಟು, ವಿವೇಕವಿಲ್ಲ. ಹಿಮ ಕಟ್ಟಿರಲಿ ಬಿಡಲಿ, ಹೊತ್ತಾಯಿತೆಂದರೆ ಅದು ಕರಗಿಸಹೊರಡುತ್ತದೆ. ಮೊದಲಿನ ಶಾಖಪಂಪುಗಳಲ್ಲಿ ಅನೇಕವು ಗಡಿಯಾರವನ್ನೇ ನೆಚ್ಚಿದ್ದುವು. ಮುಂದೆ ಗಡಿಯಾರದೊಡನೆ ಉಷ್ಣತೆಯನ್ನೂ ಜೊತೆಗೂಡಿಸಿದರು: ಸುರುಳಿ ಸೊನ್ನೆಯ ಸಮೀಪಕ್ಕೆ ಇಳಿದಿರುವಾಗ ನಡೆದ ಹೊತ್ತನ್ನು ಮಾತ್ರ ಲೆಕ್ಕಕ್ಕೆ ಹಿಡಿದು, ಅದು ೩೦, ೬೦ ಅಥವಾ ೯೦ ನಿಮಿಷವಾದಾಗ ಹಿಮನಿವಾರಣೆಗೆ ಅಪ್ಪಣೆ ಕೊಡುವ ಏರ್ಪಾಡು. ಈಚಿನ ಯಂತ್ರಗಳು ಇನ್ನೂ ಸೂಕ್ಷ್ಮವಾಗಿ ವರ್ತಿಸುತ್ತವೆ. ಗಾಳಿಯ ಉಷ್ಣತೆಯನ್ನು ಒಂದು ಮಾಪಕ, ಸುರುಳಿಯ ಉಷ್ಣತೆಯನ್ನು ಇನ್ನೊಂದು ಮಾಪಕ ಅಳೆಯುತ್ತಿರುತ್ತವೆ. ಶುಭ್ರವಾದ ಸುರುಳಿಗೂ ಗಾಳಿಗೂ ಎಷ್ಟು ಅಂತರವಿರಬೇಕೆಂಬುದು ಯಂತ್ರಕ್ಕೆ ತಿಳಿದಿದೆ. ಆ ಅಂತರ ಹಿಗ್ಗತೊಡಗಿದರೆ ನಡುವೆ ಹಿಮ ಬೆಳೆದಿದೆಯೆಂದೇ ಅರ್ಥ. ಕಣ್ಣಿಲ್ಲದೆಯೂ ಹಿಮವನ್ನು ಕಾಣುವ ಉಪಾಯವಿದು. ಸಾಕ್ಷ್ಯದಿಂದ ಅನುಮಾನ, ಅನುಮಾನದಿಂದ ನಿರ್ಣಯವೆಂಬ ಈ ಮಾರ್ಗ ಇತಿಹಾಸಕಾರರಿಗೆ ಅಪರಿಚಿತವಲ್ಲ. ಯಂತ್ರವೂ ನಮ್ಮಂತೆ ಒಮ್ಮೊಮ್ಮೆ ಎಡವುತ್ತದೆ.

ನಿರ್ಣಯವಾದ ಮೇಲೆ ನಡೆಯುವುದೇನು? ಆ ಹಿರಿಯರು ಕಿಟಕಿಯಲ್ಲಿ ಕಂಡುದು ಇದನ್ನೇ ಆದುದರಿಂದ ತುಸು ವಿವರವಾಗಿ ಹೇಳಬೇಕು. ಯಂತ್ರದೊಳಗೆ ನಾಲ್ಕು ದಾರಿಗಳು ಕೂಡುವ ಒಂದು ಕವಾಟವಿದೆ: ಲೋಹದ ನಳಿಗೆ, ಅದರೊಳಗೆ ಅತ್ತಿತ್ತ ಜಾರುವ ಒಂದು ತುಂಡು. ಆ ತುಂಡು ಒಂದು ಕೊನೆಯಲ್ಲಿದ್ದರೆ ಕಂಪ್ರೆಸರಿನ ಬಿಸಿ ಆವಿ ಮನೆಯೊಳಕ್ಕೆ ಹರಿಯುತ್ತದೆ. ಇನ್ನೊಂದು ಕೊನೆಗೆ ಸರಿದರೆ ಹೊರಗಿನ ಸುರುಳಿಗೆ ಹರಿಯುತ್ತದೆ. ಅದನ್ನು ಸರಿಸಲು ದೊಡ್ಡ ಬಲ ಬೇಕು. ಆದರೆ ವಿದ್ಯುತ್ಕಾಂತವು ಮಾಡುವುದು ಒಂದು ಪುಟ್ಟ ಉಪಕವಾಟವನ್ನು ತೆರೆಯುವಷ್ಟನ್ನೇ. ಉಳಿದುದನ್ನು ಶೀತಕದ ಸ್ವಂತ ಒತ್ತಡವೇ ನೂಕಿ ನೆರವೇರಿಸುತ್ತದೆ. ಹೆಚ್ಚಿನ ಒತ್ತಡದ ಆವಿ ಒಮ್ಮೆಲೇ ದಾರಿ ಬದಲಿಸುವಾಗ ಏಳುವ ಸದ್ದೇ ಆ ಬುಸುಗುಟ್ಟುವಿಕೆ.

ಇದರೊಡನೆ ಹೊರಗಿನ ಬೀಸಣಿಗೆ ನಿಲ್ಲುತ್ತದೆ. ಕೆಟ್ಟುದರಿಂದಲ್ಲ, ತಣ್ಣನೆಯ ಗಾಳಿಯನ್ನು ಬೀಸುತ್ತಿದ್ದರೆ ಹಿಮವನ್ನು ಕರಗಿಸಬೇಕಾದ ಶಾಖ ಬಯಲಿಗೆ ಹೋಗುತ್ತದೆಂಬ ಎಚ್ಚರಿಕೆಯಿಂದ. ಬಿಸಿಯಾದ ಆವಿ ಹೊರಸುರುಳಿಯಲ್ಲಿ ದ್ರವವಾಗುತ್ತ ತನ್ನ ಗುಪ್ತೋಷ್ಣವನ್ನು ಲೋಹಕ್ಕೆ ಕೊಡುತ್ತದೆ. ಲೋಹಕ್ಕೆ ಅಂಟಿದ ಹಿಮ ಮೊದಲು ಕರಗಿ, ಹೊರಪದರ ಸಡಿಲಗೊಂಡು ಜಾರುತ್ತದೆ. ನೀರು ತಳದ ತಟ್ಟೆಯ ರಂಧ್ರಗಳಿಂದ ಹೊರಬೀಳುತ್ತದೆ. ಒದ್ದೆಯಾದ ಬೆಚ್ಚನೆಯ ಸುರುಳಿಯಿಂದೇಳುವ ನೀರಾವಿ ಚಳಿಗಾಳಿಗೆ ತಾಕಿ ಬಿಳಿಯ ಮೋಡವಾಗುತ್ತದೆ. ಬಚ್ಚಲುಮನೆಯ ಹಂಡೆಯ ಮೇಲೆ ಮುಂಜಾನೆ ಏಳುವ ಹಬೆಗೂ ಇದಕ್ಕೂ ಭೇದವಿಲ್ಲ. ಹೊಗೆಯಾದರೆ ವಾಸನೆ ಇರುತ್ತಿತ್ತು.

ಈ ಹೊತ್ತಿನಲ್ಲಿ ಶಾಖ ಎಲ್ಲಿಂದ ಬರುತ್ತದೆ? ಇಲ್ಲಿ ಹಿರಿಯರ ದೂರು ನಿಜವೆಂದು ಒಪ್ಪಲೇಬೇಕು. ದಿಕ್ಕು ಬದಲಾದುದರಿಂದ ಒಳಗಿನ ಸುರುಳಿಯೇ ಈಗ ತಣ್ಣನೆಯದು. ಅದು ಮನೆಯ ಗಾಳಿಯಿಂದ ಅಥವಾ ರೇಡಿಯೇಟರುಗಳ ನೀರಿನಿಂದ ಶಾಖವನ್ನು ಎತ್ತಿ ಹೊರಕ್ಕೆ ಸಾಗಿಸುತ್ತದೆ. ಗಾಳಿ ಬೀಸುವ ಯಂತ್ರವಾದರೆ ಕೋಣೆಯವರಿಗೆ ತಣ್ಣನೆಯ ಗಾಳಿ ತಾಕದಿರಲೆಂದು ಒಳಬೀಸಣಿಗೆಯನ್ನು ನಿಲ್ಲಿಸುತ್ತಾರೆ, ಇಲ್ಲವೆ ಆ ಕೆಲವು ನಿಮಿಷ ವಿದ್ಯುತ್ ಒಲೆಯೊಂದನ್ನು ಹೊತ್ತಿಸುತ್ತಾರೆ. ನೀರಿನ ಏರ್ಪಾಡಿನಲ್ಲಿ, ಕೊಳವೆಗಳಲ್ಲಿ ಸಾಕಷ್ಟು ನೀರಿದ್ದರೆ ರೇಡಿಯೇಟರು ಒಂದಿಷ್ಟು ಬೆಚ್ಚಗೆ ಕಡಮೆಯಾಗುವುದೇ ಹೊರತು ಬೇರೇನೂ ತಿಳಿಯುವುದಿಲ್ಲ. ಸುರುಳಿಯ ಉಷ್ಣತೆ ಸೊನ್ನೆಯನ್ನು ದಾಟಿ ೧೦ ಅಥವಾ ೨೦ ಡಿಗ್ರಿಯವರೆಗೆ, ತಯಾರಿಸಿದವರು ಗೊತ್ತುಮಾಡಿದ ಮಟ್ಟಕ್ಕೆ ಏರಿದೊಡನೆ ಹಿಮವೆಲ್ಲ ಹೋಯಿತೆಂದು ನಿರ್ಣಯವಾಗುತ್ತದೆ; ಹಿಮ ಉಳಿದಿರುವವರೆಗೂ ಉಷ್ಣತೆ ಸೊನ್ನೆಯ ಬಳಿಯಲ್ಲಿಯೇ ತಡೆದು ನಿಲ್ಲುತ್ತದೆಯಾದ್ದರಿಂದ ಈ ಸಾಕ್ಷ್ಯ ನಂಬತಕ್ಕದ್ದು. ಏರದೆಯೇ ಇದ್ದರೂ ಸುಮಾರು ಹತ್ತು ನಿಮಿಷದ ಮೇಲೆ ಮುಂದುವರಿಯಗೊಡದ ಒಂದು ಮಿತಿಯೂ ಉಂಟು. ಕವಾಟ ಮತ್ತೊಮ್ಮೆ ಬುಸುಗುಟ್ಟಿ ಮೊದಲಿನ ದಿಕ್ಕಿಗೆ ಸರಿಯುತ್ತದೆ, ಬೀಸಣಿಗೆ ತಿರುಗಿ ಉಳಿದ ಹಬೆಯನ್ನು ಊದಿ ಚದುರಿಸುತ್ತದೆ.

ಕಳವಿನ ಲೆಕ್ಕವನ್ನೂ ನೋಡಿಬಿಡೋಣ. ಸುರುಳಿಯ ಮೇಲೆ ೨ ಕಿಲೋಗ್ರಾಂ ಹಿಮ ಕಟ್ಟಿದೆಯೆಂದು ಇಟ್ಟುಕೊಳ್ಳಿ. ಒಂದು ಗ್ರಾಂ ಹಿಮವನ್ನು ಕರಗಿಸಲು ೮೦ ಕ್ಯಾಲೊರಿ ಬೇಕು. ಎರಡು ಕಿಲೋಗ್ರಾಮಿಗೆ ಬೇಕಾಗುವುದು ವಿದ್ಯುತ್ತಿನ ಅಳತೆಯಲ್ಲಿ ಒಂದು ಯೂನಿಟ್ಟಿನ ಐದನೆಯ ಒಂದು ಪಾಲಿಗಿಂತ ತುಸು ಕಡಮೆ. ಲೋಹವನ್ನು ಕಾಯಿಸುವುದಕ್ಕೂ ಗಾಳಿಗೆ ಸೋರುವುದಕ್ಕೂ ಇನ್ನಷ್ಟು ಸೇರಿಸಬೇಕು. ಇದು ಖರ್ಚು. ಆದರೆ ಆ ಹಿಮ ಕಟ್ಟಿದಾಗ ಏನಾಗಿತ್ತೆಂಬುದನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ನೀರಾವಿ ಹಿಮವಾಗುವಾಗ ಗ್ರಾಮಿಗೆ ಸುಮಾರು ೬೭೭ ಕ್ಯಾಲೊರಿಯನ್ನು ಸುರುಳಿಗೆ ಒಪ್ಪಿಸಿಯೇ ಹಿಮವಾಗುತ್ತದೆ. ಅದೇ ಎರಡು ಕಿಲೋಗ್ರಾಂ ಹಿಮ ಮನೆಗೆ ತಂದುಕೊಟ್ಟುದು ಒಂದೂವರೆ ಯೂನಿಟ್ಟಿಗೂ ಮಿಗಿಲಾದ ಶಾಖ. ಎಂಟು ಪಾಲು ಕೊಟ್ಟವನು ಹೊರಡುವಾಗ ಒಂದು ಪಾಲು ಕೇಳಿದಂತಾಯಿತು. ಇಷ್ಟರಿಂದ ಹಿಮ ಲಾಭಕರವೆಂದು ಹೇಳಿಬಿಡುವಂತಿಲ್ಲ. ಅದು ಸುರುಳಿಯ ಉಷ್ಣತೆಯನ್ನು ಕುಗ್ಗಿಸಿ ಕಂಪ್ರೆಸರಿನ ಶ್ರಮವನ್ನು ಹೆಚ್ಚಿಸುವ ನಷ್ಟ ಬೇರೆಯೇ ಇದೆ. ಕಳವು ಎಂಬ ಮಾತು ಮಾತ್ರ ಸಲ್ಲದು.

ಹಿರಿಯರಿಗೆ ಬರೆದ ಉತ್ತರದಲ್ಲಿ ನಾವು ಭದ್ರಾವತಿಯ ನೆನಪನ್ನೇ ಆಶ್ರಯಿಸಿದೆವು. ೧೯೧೮ರಲ್ಲಿ ಸ್ಥಾಪನೆಗೊಂಡು ೧೯೨೩ರಲ್ಲಿ ಕಬ್ಬಿಣ ಕೊಡತೊಡಗಿದ ಆ ಕಾರ್ಖಾನೆಯಲ್ಲಿ ದುಡಿದವರಿಗೆ ಊದುಕುಲುಮೆಯ ಬಿಸಿಗಾಳಿಯ ಒಲೆಗಳು ಗೊತ್ತಿರುತ್ತವೆ. ಒಂದು ಒಲೆ ತಾನು ಕೂಡಿಟ್ಟ ಶಾಖವನ್ನು ಕುಲುಮೆಗೆ ಹೋಗುವ ಗಾಳಿಗೆ ಕೊಡುತ್ತಿರುವಾಗ ಇನ್ನೊಂದು ಒಲೆ ಅನಿಲದ ಉರಿಯಿಂದ ಕಾದುಕೊಳ್ಳುತ್ತದೆ. ಗೊತ್ತಾದ ಹೊತ್ತಿಗೆ ಕವಾಟಗಳನ್ನು ತಿರುಗಿಸಿ ಸರದಿ ಬದಲಿಸುತ್ತಾರೆ. ಕೊಡುವ ಒಲೆ ಸದಾ ಕೊಡುತ್ತಲೇ ಇರಲಾರದು. ಮನೆಯ ಶಾಖಪಂಪಿಗಿರುವುದು ಸಾಮಾನ್ಯವಾಗಿ ಒಂದೇ ಹೊರಸುರುಳಿ, ಸರದಿಗೆ ಜೊತೆಯಿಲ್ಲ. ಆದುದರಿಂದ ಕೆಲವು ನಿಮಿಷ ಅದು ಕೆಲಸವನ್ನೇ ನಿಲ್ಲಿಸಬೇಕಾಗುತ್ತದೆ. ಅದರ ನಡುವೆ ಸ್ವಿಚ್ಚು ಆರಿಸಿದರೆ ಅರೆಕರಗಿದ ನೀರು ತಟ್ಟೆಯಲ್ಲಿಯೇ ನಿಂತು ಗಟ್ಟಿಯಾಗುತ್ತದೆ. ಆ ರಾತ್ರಿ ಆದುದು ಅಷ್ಟೆ. ಕೋಲಿನಿಂದ ಗಡ್ಡೆ ಬಡಿಯುವುದೂ ಸಲ್ಲದು, ತಗಡುಗಳು ಬಾಗಿ ಗಾಳಿಯ ದಾರಿ ಮುಚ್ಚುತ್ತದೆ. ಗಂಟೆಗಟ್ಟಲೆ ಗಡ್ಡೆ ಕರಗದೆಯೇ ಉಳಿದರೆ, ಐದು ಹತ್ತು ನಿಮಿಷಕ್ಕೊಮ್ಮೆ ಹಬೆ ಏಳುತ್ತಿದ್ದರೆ, ಕರಗಿದ ನೀರು ಹೊರಗೆ ಹರಿಯದೆ ಕೆಳಗೆ ಗಡ್ಡೆಯ ದಿಮ್ಮಿ ಬೆಳೆಯುತ್ತಿದ್ದರೆ, ಆಗ ಕೆಲಸಗಾರನನ್ನು ಕರೆಯುವುದು ಯುಕ್ತವೆಂದೂ ಬರೆದೆವು.

ತಿಂಗಳೊಪ್ಪತ್ತಿನಲ್ಲಿ ಮರುಪತ್ರ ಬಂದಿತು. ಹಿರಿಯರು ಈಗ ಸ್ವಿಚ್ಚಿನ ಗೊಡವೆಗೆ ಹೋಗುವುದಿಲ್ಲವಂತೆ. ಬದಲಾಗಿ ಕಾರ್ಖಾನೆಯ ಪಾಳಿಯ ದಿನಗಳ ಅಭ್ಯಾಸದಂತೆ ಒಂದು ಪುಸ್ತಕವಿಟ್ಟು, ಕಿಟಕಿಯ ಬಳಿ ಕುಳಿತು ಹೊತ್ತು ಗುರುತಿಸುತ್ತಾರಂತೆ. ಅದರ ಒಂದು ಪುಟದ ನಕಲನ್ನು ಮಗ ಕಳುಹಿಸಿದ್ದಾನೆ. ಮಂಜು ಕವಿದ, ೨ ಡಿಗ್ರಿಯ ಒಂದು ರಾತ್ರಿ: ಐವತ್ತೈದು ನಿಮಿಷಕ್ಕೊಮ್ಮೆ ಹಬೆ, ಪ್ರತಿಸಲ ಆರು ನಿಮಿಷ. ಆಕಾಶ ತಿಳಿಯಾಗಿ ಮೈನಸ್ ೬ಕ್ಕೆ ಇಳಿದ ಇನ್ನೊಂದು ರಾತ್ರಿ: ಎರಡು ಗಂಟೆ ನಲವತ್ತು ನಿಮಿಷಕ್ಕೊಮ್ಮೆ, ಪ್ರತಿಸಲ ನಾಲ್ಕು ನಿಮಿಷ.